ಪಾತ್ರೆ ತೊಳೆಯುವ ಶಿಕ್ಷೆ

ಜನರಲಮ್ಮ ಪ್ರಾರ್ಥನೆಗೆ ಕೂತರೆಂದರೆ ದೇವರಿಗೂ ಎದ್ದು ಹೋಗಲು ದಾರಿ ಇರುತ್ತಿರಲಿಲ್ಲ. ಅವರಷ್ಟು ಗಟ್ಟಿಯಾಗಿ, ಅವರಷ್ಟು ಉದ್ದವಾಗಿ ಬೇಡಿಕೊಳ್ಳುವವರು ಅವರ ಚರ್ಚಿನ ಸಭೆಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇರಲಿಲ್ಲ. ಒಮ್ಮೆ ಅವರು ‘ಕರ್ತನೇ’ ಎಂದು ಶುರುಮಾಡಿದಾಗ ಒಲೆಯ ಮೇಲಿದ್ದ ಬೇಳೆ, ‘ಆಮೆನ್’ ಎನ್ನುವಷ್ಟರಲ್ಲಿ ಬೆಂದು, ಸೀದು, ಪಾತ್ರೆಯ ತಳಕ್ಕೆ ಟಾರು ಹಾಕಿದಂತಾಗಿ, ಪಕ್ಕದ ಮನೆಯವರು ಬಕೆಟ್ಟಿನಲ್ಲಿ ನೀರು ಹಿಡಿದು ಬಾಗಿಲಿಗೆ ಬಂದು ನಿಂತಿದ್ದರು. ಜನರಲ್ ಎಂಬ ಪದವಿ ಕೊಟ್ಟವನು ಅವರ ಸ್ವಂತ ಮಗ. ಬೀದಿಗೆ ಬೀದಿಯೇ ಮರುಮಾತಿಲ್ಲದೆ ಅದನ್ನು ಒಪ್ಪಿಕೊಂಡಿತ್ತು.

ಅವರ ಗಂಡ ಕುಶನ್ ಮೇಸ್ತ್ರಿ. ಹಳೆಯ ಸೋಫಾಗಳ ಹೊಟ್ಟೆ ಸೀಳಿ, ಸ್ಪ್ರಿಂಗು ಬದಲಿಸಿ, ಫೋಮು ತುಂಬಿ, ರೆಕ್ಸಿನ್ ಬಿಗಿದು ಮೊಳೆ ಹೊಡೆಯುವ ಕೆಲಸ. ಅವರ ಕೈಯಿಂದ ಬಂದ ಕುರ್ಚಿಯಲ್ಲಿ ಕೂತವರಿಗೆ ಏಳಬೇಕೆಂಬ ನೆನಪೇ ಆಗುತ್ತಿರಲಿಲ್ಲ. ಒಬ್ಬ ಬ್ಯಾಂಕ್ ಮ್ಯಾನೇಜರಂತೂ ನಿವೃತ್ತಿಯಾದ ಮೇಲೂ ತನ್ನ ಹಳೆಯ ಕುರ್ಚಿಯ ಯೋಗಕ್ಷೇಮ ವಿಚಾರಿಸಲು ಹೋಗುತ್ತಿದ್ದನಂತೆ. ಮೇಸ್ತ್ರಿ ಸಣ್ಣ ಮೊಳೆಗಳನ್ನೆಲ್ಲ ಬಾಯಿಗೆ ತುಂಬಿಕೊಂಡು ನಾಲಿಗೆಯ ತುದಿಯಿಂದ ಒಂದೊಂದಾಗಿ ತಳ್ಳಿ ಸುತ್ತಿಗೆಗೆ ಕೊಡುತ್ತಿದ್ದರು. ಬಾಯಿ ತುಂಬ ಮೊಳೆ ಇರುವ ಮನುಷ್ಯ ಮಾತಾಡುವುದು ಹೇಗೆ? ಹೀಗಾಗಿ ಮದುವೆಯಾದ ದಿನದಿಂದಲೂ ಮಾತೆಲ್ಲ ಹೆಂಡತಿಯ ಪಾಲಿಗೆ, ‘ಹೂಂ’ ಮಾತ್ರ ಗಂಡನ ಪಾಲಿಗೆ ಬಂದಿತ್ತು.

ಸಾವಿರ ಸೋಫಾಗಳ ಹೊಟ್ಟೆ ಸೀಳಿದ ಆ ಮೇಸ್ತ್ರಿಯ ಹೊಟ್ಟೆಯನ್ನು ಈಗ ಡಾಕ್ಟರು ಸೀಳಿ ನೋಡಿ, ಏನನ್ನೂ ತೆಗೆಯದೆ, ಏನನ್ನೂ ತುಂಬದೆ, ಹಾಗೇ ಹೊಲಿದುಬಿಟ್ಟಿದ್ದರು.

“ಮನೆಗೆ ಕರ್ಕೊಂಡು ಹೋಗಿ ಅಮ್ಮಾ,” ಎಂದರು ಡಾಕ್ಟರು. “ಇಷ್ಟವಾದದ್ದು ತಿನ್ನಲಿ. ನೋಡಬೇಕಾದವರನ್ನೆಲ್ಲ ಈಗಲೇ ಕರೆಸಿಬಿಡಿ.”

“ಯಾಕೆ ಕರೆಸಬೇಕು? ವಾಸಿಯಾದ ಮೇಲೆ ಇವರೇ ಎಲ್ಲರ ಮನೆಗೂ ಹೋಗ್ತಾರೆ,” ಎಂದರು ಜನರಲಮ್ಮ. ಡಾಕ್ಟರು ಬೇರೆ ರೋಗಿಯ ಕಡೆ ತಿರುಗಿಕೊಂಡರು.

ಅಂದು ಸಂಜೆ ಊಟದ ಮೇಜಿನ ಬಳಿ ಆಜ್ಞೆ ಹೊರಟಿತು. ಕೇಳಲು ಇದ್ದವರು ಮೇಸ್ತ್ರಿ, ಅವರ ಜೊತೆಯಲ್ಲೇ ಅಂಗಡಿ ನೋಡಿಕೊಳ್ಳುವ ಮಗ, ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಸೊಸೆ, ಮತ್ತು ಸೋಫಾಕ್ಕೆ ಹೊಲಿಯುವ ಗುಂಡಿಯಷ್ಟೇ ದುಂಡಗೆ ಹುಟ್ಟಿದ್ದಕ್ಕೆ ‘ಬಟನ್’ ಎಂದು ಕರೆಸಿಕೊಳ್ಳುವ ಮೊಮ್ಮಗಳು.

“ಇವರಿಗೆ ವಾಸಿಯಾಗಿದೆ. ಆಗುತ್ತೆ ಅಂತಲ್ಲ, ಆಗಿದೆ. ನಾನು ಕೇಳಿದ್ದೀನಿ, ಸ್ವಾಮಿ ಕೊಟ್ಟಿದ್ದಾನೆ. ಇನ್ಮೇಲೆ ಈ ಮನೆಯಲ್ಲಿ ಸಾವು ಅನ್ನೋ ಮಾತಾಗಲಿ, ಆ ಕಾಯಿಲೆಯ ಹೆಸರಾಗಲಿ ಯಾರ ಬಾಯಲ್ಲೂ ಬರಕೂಡದು. ಬಂದರೆ ನಂಬಿಕೆಗೆ ತೂತು ಬಿದ್ದ ಹಾಗೆ.”

“ಬಂದರೆ ಏನು ಮಾಡ್ತೀಯಮ್ಮ, ಗುಂಡು ಹೊಡೆಸ್ತೀಯಾ?” ಎಂದ ಮಗ.

“ಅಂದವರು ಅವತ್ತಿನ ಪಾತ್ರೆಯೆಲ್ಲ ತೊಳೀಬೇಕು.”

“ಎಲ್ಲಾನಾ? ಆ ಸೀದ ಬೇಳೆ ಪಾತ್ರೆನೂ ಸೇರಿಸಿನಾ? ಅದಕ್ಕಿಂತ ಸಾವೇ ವಾಸಿ!”

“ಏಳು! ನೀನೇ ಮೊದಲನೆಯವನು!” ಎಂದರು ಜನರಲಮ್ಮ.

ಎಲ್ಲರೂ ನಕ್ಕರು. ಮೇಸ್ತ್ರಿಯೂ ಹೊಲಿಗೆ ಎಳೆಯದಂತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. ಮಗ ಪಾತ್ರೆ ಹೊತ್ತು ಸಿಂಕಿನ ಕಡೆ ನಡೆದ. ಮೇಸ್ತ್ರಿ ಮೆಲ್ಲಗೆ ಎದ್ದು, ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ಹೋದರು.

“ನೀವ್ಯಾಕೆ ರೀ?”

“ವಾಸಿಯಾಗಿದೆ ಅಂದೆಯಲ್ಲ,” ಎಂದರು ಮೇಸ್ತ್ರಿ. “ವಾಸಿಯಾದವನು ಲೋಟ ಒರೆಸಬಾರದಾ?”

ಜನರಲಮ್ಮ ದಾರಿ ಬಿಟ್ಟರು. ಇಂಥದ್ದು ಆ ಮನೆಯಲ್ಲಿ ಶತಮಾನಕ್ಕೊಮ್ಮೆ ನಡೆಯುತ್ತಿತ್ತು.

ಮೇಸ್ತ್ರಿಗೆ ಒಬ್ಬ ಮಗಳೂ ಇದ್ದಳು. ಪ್ರಯಾಣಿಕರ ದೊಡ್ಡ ಹಡಗಿನ ಅಡುಗೆಮನೆಯಲ್ಲಿ ಬ್ರೆಡ್ಡು ಸುಡುವ ಕೆಲಸ ಅವಳದು. ಆ ಹಡಗು ಎಷ್ಟು ದೊಡ್ಡದೆಂದರೆ, ಜನರಲಮ್ಮನ ಲೆಕ್ಕದಲ್ಲಿ, ಮುಂದಿನ ತುದಿಯಲ್ಲಿ ಮಳೆ ಬಂದರೆ ಹಿಂದಿನ ತುದಿಯಲ್ಲಿ ಬಟ್ಟೆ ಒಣಗುತ್ತಿತ್ತು. ಹಡಗು ದಡಕ್ಕೆ ಬಂದಾಗಲೆಲ್ಲ ಅವಳು ಫೋನು ಮಾಡುತ್ತಿದ್ದಳು. ಮರುವಾರದ ಭಾನುವಾರ, ಸಭೆ ಮುಗಿಸಿ ಬಂದು ಬಟ್ಟೆ ಬದಲಿಸುವಷ್ಟರಲ್ಲಿ ಫೋನು ಬಂತು; ಸ್ಪೀಕರಿನಲ್ಲಿ ಅವಳ ದನಿ ಮನೆಗೆಲ್ಲ ಕೇಳಿಸಿತು.

“ಅಮ್ಮಾ, ಹಡಗಿನ ಇಂಜಿನ್ ಕೆಟ್ಟಿದೆ. ರಿಪೇರಿ ಆಗೋವರೆಗೂ ಇಲ್ಲೇ ನಿಲ್ಲುತ್ತೆ. ಇಲ್ಲಿಂದ ಮನೆಗೆ ಒಂದೇ ದಿನದ ದಾರಿ. ಅಪ್ಪನಿಗೆ ಆಪರೇಷನ್ ಆಯ್ತಲ್ಲ, ಬಂದು ಹೋಗ್ಲಾ?”

ಸೊಸೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. ಮಗ ಶರ್ಟಿನ ಒಂದೇ ತೋಳಿನಲ್ಲಿ ನಿಂತ. ಮೇಸ್ತ್ರಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಬಾ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಿದರೆ ದೇವರಲ್ಲಿ ಕೇಳಿಕೊಂಡದ್ದೆಲ್ಲ ಸುಳ್ಳಾಗುತ್ತದೆ. ಜನರಲಮ್ಮ ಫೋನನ್ನು ಬಾಯಿಯ ಹತ್ತಿರಕ್ಕೆ ತಂದರು.

“ಬೇಡ ಮಗಳೇ. ಈಗ ಬಂದು ಏನು ಮಾಡ್ತೀಯ? ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ರಜೆ ಇಟ್ಕೋ, ವರ್ಷದ ಕೊನೆಗೆ ಆರಾಮಾಗಿ ಬಾ.”

“ಅಪ್ಪನಿಗೆ ಕೊಡು.”

ಮೇಸ್ತ್ರಿ ಫೋನು ತೆಗೆದುಕೊಂಡರು. ಹೆಂಡತಿಯ ಕೈ ಅವರ ಭುಜದ ಮೇಲಿತ್ತು.

“ಅಪ್ಪಾ, ನಿಜವಾಗ್ಲೂ ಚೆನ್ನಾಗಿದ್ದೀರಾ?”

“ಹೂಂ,” ಎಂದರು ಮೇಸ್ತ್ರಿ. ಆಮೇಲೆ, ಫೋನಿನಲ್ಲಿ ಎಂದೂ ಇಲ್ಲದ ಹಾಗೆ, ಇನ್ನೊಂದು ಮಾತು ಸೇರಿಸಿದರು. “ಬ್ರೆಡ್ಡು ಸುಡುವಾಗ ಕೈ ಜೋಪಾನ ಮಗಳೇ.”

ಹಡಗು ಒಂದು ವಾರಕ್ಕಿಂತ ಹೆಚ್ಚೇ ಅಲ್ಲಿ ನಿಂತಿತ್ತು. ಆಮೇಲೆ ಹೊರಟುಹೋಯಿತು.

ಆ ವಾರಗಳಲ್ಲಿ ಮನೆಯಲ್ಲಿ ಅಪರಾಧಗಳು ವಿಪರೀತ ಹೆಚ್ಚಿದವು. ಮಗ ಇವತ್ತು ತಪ್ಪು ಮಾಡಿದರೆ ನಾಳೆ ಸೊಸೆ ಮಾಡುತ್ತಿದ್ದಳು. ಇಸ್ತ್ರಿ ಪೆಟ್ಟಿಗೆಯ ಬಿಸಿಯಲ್ಲಿ ಇಡೀ ದಿನ ನಿಂತು ಬಂದವಳು ಕಾಲು ಚಾಚಿ ಕೂರುವುದು ಬಿಟ್ಟು, ಊಟದ ನಡುವೆ ಬೇಕೆಂದೇ, “ಇವತ್ತಿನ ಸೆಕೆಗೆ ಸತ್ತೇಹೋದೆ ಅತ್ತೆ,” ಎನ್ನುತ್ತಿದ್ದಳು. ತಟ್ಟೆಗಳನ್ನು ತಾನೇ ಎತ್ತಿಕೊಂಡು ಹೋಗುತ್ತಿದ್ದಳು. ಹಿಂದೆಯೇ ಮೇಸ್ತ್ರಿ, ಹೆಗಲ ಮೇಲೆ ಬಟ್ಟೆ. ನಲ್ಲಿಯ ನೀರು ಬಿಟ್ಟರೆಂದರೆ ಒಂದು ಕೆರೆ ಖಾಲಿಯಾಗುವವರೆಗೆ ನಿಲ್ಲಿಸುತ್ತಿರಲಿಲ್ಲ. ನಾಲ್ಕು ತಟ್ಟೆ ತೊಳೆಯಲು ಅಷ್ಟು ಹೊತ್ತು ಹಿಡಿದ ಮನೆ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಬರುವಾಗ ಒಬ್ಬೊಬ್ಬರ ಕಣ್ಣೂ ಕೆಂಪಗಿರುತ್ತಿತ್ತು.

“ಸೋಪಿನ ನೊರೆ,” ಎನ್ನುತ್ತಿದ್ದಳು ಸೊಸೆ.

“ಯಾವ ಸೋಪು ಅದು? ನಾನು ತೊಳೆದರೆ ಯಾಕೆ ಕಣ್ಣಿಗೆ ಹೋಗಲ್ಲ?”

“ನೀವು ತೊಳೆಯೋದೇ ಇಲ್ಲವಲ್ಲ ಅತ್ತೆ. ನೀವು ತಪ್ಪೇ ಮಾಡಲ್ಲ.”

ಜನರಲಮ್ಮ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಮೇಸ್ತ್ರಿಯ ಊಟ ತಟ್ಟೆಯಿಂದ ಸೂಪಿಗೆ ಬಂತು, ಸೂಪಿನಿಂದ ಒಂದೆರಡು ಚಮಚಕ್ಕೆ ಬಂತು. ಬೆಲ್ಟು ಕಟ್ಟಿದರೂ ಪ್ಯಾಂಟು ಜಾರತೊಡಗಿತು. ಜನರಲಮ್ಮ ಬೆಲ್ಟಿಗೆ ಹೊಸ ತೂತು ಹೊಡೆದು, “ಹೊಟ್ಟೆ ಕರಗಿದೆ, ಒಳ್ಳೇದೇ ಆಯ್ತು,” ಎಂದರು. ಸಭೆಯಲ್ಲಿ ಎದ್ದು ನಿಂತು ಗಂಡನಿಗೆ ಪೂರ್ತಿ ಗುಣವಾಯಿತೆಂದು ಸಾಕ್ಷಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿದ್ದ ಮೇಸ್ತ್ರಿ ತಾವೂ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಒಂದು ಸಂಜೆ ಊಟಕ್ಕೆ ಮುಂಚಿನ ಪ್ರಾರ್ಥನೆ ಬಟನ್ ಪಾಳಿಗೆ ಬಂತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು.

“ಕರ್ತನೇ, ಅನ್ನಕ್ಕೆ ಸ್ತೋತ್ರ. ಮೊಟ್ಟೆಗೆ ಸ್ತೋತ್ರ. ತಾತ ಸಾಯೋವಾಗ ನಾನು ಸ್ಕೂಲಲ್ಲಿ ಇರಬಾರದು. ಆಮೆನ್.”

ಯಾರೂ ಆಮೆನ್ ಅನ್ನಲಿಲ್ಲ.

“ಬಟನ್,” ಎಂದರು ಜನರಲಮ್ಮ.

“ಗೊತ್ತು ಅಜ್ಜಿ. ಪಾತ್ರೆ,” ಎಂದು ಅವಳು ತಿನ್ನದೆಯೇ ಎದ್ದಳು.

“ಅತ್ತೆ, ಅವಳಿನ್ನೂ ಮಗು!” ಸೊಸೆ ಕುರ್ಚಿ ತಳ್ಳಿಕೊಂಡು ಎದ್ದಳು.

“ಮಗು ಆದ್ರೇನು? ನಂಬಿಕೆ ಎಳೇ ವಯಸ್ಸಲ್ಲೇ ಕಲೀಬೇಕು.”

ಮೇಸ್ತ್ರಿ ಮೇಜನ್ನು ಹಿಡಿದುಕೊಂಡು ಎದ್ದರು. ಎದ್ದವರು ನಿಂತರು, ನಿಂತವರು ಉಸಿರು ಕೂಡಿಸಿಕೊಂಡರು, ಆಮೇಲೆ ನಡೆದರು. ಸಿಂಕು ಅಲ್ಲೇ ಗೋಡೆಯಾಚೆ ಇತ್ತು. ಅವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅನ್ನ ತಣ್ಣಗಾಗಿತ್ತು.

ಎರಡೇ ತುತ್ತಿಗೆ ಊಟ ಬಿಟ್ಟು, ತಮ್ಮ ತಟ್ಟೆಯನ್ನು ಕೊಡಲು ಹೋದ ಜನರಲಮ್ಮ ಬಾಗಿಲ ಬಳಿ ನಿಂತರು. ನೀರು ಸುರಿಯುತ್ತಿತ್ತು. ಸ್ಟೂಲಿನ ಮೇಲೆ ಬಟನ್, ಪಕ್ಕದಲ್ಲಿ ಗೋಡೆಗೆ ಒರಗಿದ ಮೇಸ್ತ್ರಿ.

“ತಾತ, ನಿಮಗೆ ಹೆದರಿಕೆ ಆಗಲ್ವಾ?”

“ಆಗುತ್ತೆ. ಸ್ವಾಮಿ ಹತ್ತಿರ ಹೋಗೋಕೆ ಅಲ್ಲ. ನಿಮ್ಮನ್ನೆಲ್ಲ ಬಿಟ್ಟು ಹೋಗೋಕೆ.”

“ಅಪ್ಪ ಇಲ್ಲಿ ಅಳ್ತಿದ್ರು, ನಾನು ನೋಡಿದೆ.”

“ಅವನು ದಿನಾ ಅಳ್ತಾನೆ. ನಿಮ್ಮಮ್ಮನೂ ಅಳ್ತಾಳೆ. ಇಲ್ಲಿ ಮಾತಾಡಿದರೆ ಪರವಾಗಿಲ್ಲ, ಶಿಕ್ಷೆ ಹೇಗೂ ಆಗ್ತಾ ಇದೆಯಲ್ಲ.”

“ಅಜ್ಜಿ ಹತ್ತಿರ ಯಾಕೆ ಮಾತಾಡಲ್ಲ?”

ಮೇಸ್ತ್ರಿ ಒಂದು ಲೋಟವನ್ನು ಒರೆಸಿದರು. ಅದನ್ನೇ ಮತ್ತೆ ಒರೆಸಿದರು.

“ನಿಮ್ಮಜ್ಜಿ ನನ್ನನ್ನ ಎರಡು ಕೈಯಲ್ಲೂ ಹಿಡ್ಕೊಂಡು ನಿಂತಿದ್ದಾಳೆ. ಬಿಡು ಅಂತ ಹೇಗೆ ಹೇಳ್ಲಿ? ಅದಕ್ಕೇ ಚೆನ್ನಾಗಿದ್ದೀನಿ ಅಂತೀನಿ.”

ಜನರಲಮ್ಮ ತಟ್ಟೆಯೊಡನೆ ಹಾಗೇ ಹಿಂದೆ ಬಂದು ಕೂತರು. ಇಷ್ಟು ದಿನವೂ ಗಂಡನ ನಂಬಿಕೆಯನ್ನು ತಾವು ಹೊತ್ತಿದ್ದೇವೆಂದು ತಿಳಿದಿದ್ದರು. ಈಗ ನೋಡಿದರೆ, ನಿಲ್ಲಲು ತ್ರಾಣವಿಲ್ಲದ ಮನುಷ್ಯ ತಮ್ಮನ್ನೇ ಹೊತ್ತುಕೊಂಡು ಓಡಾಡುತ್ತಿದ್ದ.

“ಎಲ್ಲರಿಗೂ ಹೇಳಿ ಆಯ್ತಾ?” ಎಂದು ಮಗನನ್ನು ಕೇಳಿದರು.

ಅವನು ತಲೆ ಎತ್ತಲಿಲ್ಲ. “ಏನು?”

“ನಿಮ್ಮಪ್ಪ. ನಿಮಗೆಲ್ಲ ಹೇಳೋದು ಹೇಳಿ ಆಯ್ತಾ?”

“ಹೂಂ. ಅಂಗಡಿ ವಿಷಯ, ಇವಳ ವಿಷಯ, ಎಲ್ಲಾನೂ. ಒಂದಿನ ಬರೀ ನನ್ನ ತಲೆ ಸವರುತ್ತಾ ನಿಂತಿದ್ರು. ನಾವೆಲ್ಲ ತಪ್ಪು ಮಾಡಿ ಮಾಡಿ ನಮ್ಮ ಪಾಲು ತಗೊಂಡ್ವಿ ಅಮ್ಮ. ನೀನು ಬಾಗಿಲೇ ತೆಗೀಲಿಲ್ಲ.”

“ನಾದಿನಿಗೂ ಬಾಗಿಲು ಹಾಕಿದ್ರಿ,” ಎಂದಳು ಸೊಸೆ. ದನಿ ಏರಿಸಲಿಲ್ಲ, ಏರಿಸಿದ್ದರೆ ಜನರಲಮ್ಮನಿಗೆ ಸುಲಭವಾಗುತ್ತಿತ್ತು. “ಒಂದು ದಿನದ ದಾರೀಲಿ ಇದ್ದಳು ಅತ್ತೆ. ಬರ್ಲಾ ಅಂತ ಅವಳೇ ಕೇಳಿದಳು.”

“ನಾನು ದೇವರನ್ನ ನಂಬಿದೆ!”

“ನಾವ್ಯಾರೂ ನಂಬಿಲ್ವಾ?”

ಮರುದಿನ ಮೇಸ್ತ್ರಿ ಮಂಚದಿಂದ ಏಳಲಿಲ್ಲ. ಮಗ ಅಂಗಡಿಗೆ, ಸೊಸೆ ಲಾಂಡ್ರಿಗೆ ಹೋಗಿದ್ದರು. ಜನರಲಮ್ಮ ಬೆಳಗಿನ ಲೋಟ, ಚಮಚಗಳನ್ನೆಲ್ಲ ಒಂದು ಟಬ್ಬಿಗೆ ಹಾಕಿ, ಇನ್ನೊಂದರಲ್ಲಿ ನೀರು ತುಂಬಿ, ಎರಡನ್ನೂ ಹೊತ್ತು ತಂದು ಮಂಚದ ಪಕ್ಕ ಇಟ್ಟರು. ನೆಲದ ಮೇಲೆ ಕೂತು ಸೋಪು ಹಚ್ಚತೊಡಗಿದರು.

“ಇದೇನೇ ಇಲ್ಲಿ?”

“ನಾನೂ ತಪ್ಪು ಮಾಡ್ತಾ ಇದ್ದೀನಿ.” ಜನರಲಮ್ಮ ಚಮಚವನ್ನು ಬಿಡದೆ ತಿಕ್ಕಿದರು. ಸೈನ್ಯವನ್ನೇ ಎದುರಿಸಬಲ್ಲ ಆ ಗಂಟಲಿನಿಂದ ಸೊಳ್ಳೆಯಷ್ಟು ದನಿ ಬಂತು. “ನೀವು ಸತ್ತುಹೋದರೆ ನಾನೇನು ಮಾಡಲಿ ರೀ?”

ಮೇಸ್ತ್ರಿ ಕೈ ಚಾಚಿದರು. ಅವರು ಒದ್ದೆ ಚಮಚವನ್ನೇ ಆ ಕೈಗೆ ಕೊಟ್ಟರು. ಮೇಸ್ತ್ರಿ ಅದನ್ನು ಹೊದಿಕೆಯ ತುದಿಯಿಂದ ಒರೆಸಿದರು.

“ಊಟ ಮಾಡ್ತೀಯ, ಬೇರೇನು ಮಾಡ್ತೀಯ? ಮೊದಲ ದಿನ ಊಟ ಸೇರಲ್ಲ. ಆಮೇಲೆ ಸೇರುತ್ತೆ. ಸೇರಿತು ಅಂತ ಬೈಕೋಬೇಡ.”

“ಬಾಯಿ ಮುಚ್ಚಿ.”

“ಇಷ್ಟು ವರ್ಷ ಮುಚ್ಚೇ ಇದ್ದೆನಲ್ಲೇ.” ಅವರು ನಗಲು ಹೋಗಿ ನೋವಿಗೆ ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ಹೇಳಿದರು: “ಸ್ವಾಮಿ ಕೂಡ ಶಿಲುಬೆಗೆ ಮುಂಚೆ ಹೇಳಿಯೇ ಹೋದರು. ಎಲ್ಲರನ್ನೂ ಊಟಕ್ಕೆ ಕೂರಿಸಿಕೊಂಡು, ಹೊರಡ್ತೀನಿ ಅಂತ ಹೇಳಿ ಹೋದರು. ನಿನಗೆ ಹಾಗೆಲ್ಲ ಆಗೋಕೆ ಬಿಡಲ್ಲ ಅಂದ ಶಿಷ್ಯನಿಗೆ ‘ಸೈತಾನನೇ, ಆಚೆ ಹೋಗು’ ಅಂತ ಎಂಥಾ ಬೈಗುಳ ಬಿತ್ತು, ನೆನಪಿದೆಯಾ?”

ಬೈಬಲಿನಲ್ಲಿ ಜನರಲಮ್ಮನಿಗೆ ನೆನಪಿಲ್ಲದ ವಾಕ್ಯವಿತ್ತೇ? ಆ ಭಾಗವನ್ನು ಅವರು ಸಂಡೇ ಸ್ಕೂಲಿನಲ್ಲಿ ಎಷ್ಟೋ ತಲೆಮಾರುಗಳಿಗೆ ಬಾಯಿಪಾಠ ಮಾಡಿಸಿದ್ದರು. ಆ ಬೈಗುಳ ತಮ್ಮ ಮನೆಯ ವಿಳಾಸಕ್ಕೂ ಬರಬಹುದೆಂದು ಮಾತ್ರ ಎಂದೂ ಅಂದುಕೊಂಡಿರಲಿಲ್ಲ.

“ಅವನೂ ಪ್ರೀತಿಯಿಂದಲೇ ಅಂದದ್ದು,” ಎಂದರು.

“ಪ್ರೀತಿಯಿಂದಲೇ. ಅವನನ್ನೇನು ಸ್ವಾಮಿ ಬಿಟ್ಟುಬಿಟ್ಟರಾ?” ಮೇಸ್ತ್ರಿ ಹೆಂಡತಿಯ ಒದ್ದೆ ಕೈಯನ್ನು ಸೋಪಿನ ಸಮೇತ ಹಿಡಿದುಕೊಂಡರು. “ಮಗಳನ್ನ ಕರೆಸೇ. ನೋಡಬೇಕು.”

ಜನರಲಮ್ಮ ಆ ಕೈಯಲ್ಲೇ ಫೋನು ಮಾಡಿದರು. ಹಡಗು ನಡು ಸಮುದ್ರದಲ್ಲಿತ್ತು, ಅವಳ ಫೋನಿಗೆ ಸಿಗ್ನಲ್ ಇರಲಿಲ್ಲ. ಹಡಗಿನ ಕಂಪನಿಯ ಕಚೇರಿಗೆ ಮಾಡಿದರು. ಹುಡುಗಿಯೊಬ್ಬಳು, “ವಿಷಯ ಏನಮ್ಮ?” ಎಂದು ವಿನಯದಿಂದ ಕೇಳಿದಳು.

“ಅವಳ ಅಪ್ಪ ಸಾಯ್ತಾ ಇದ್ದಾರೆ,” ಎಂದರು ಜನರಲಮ್ಮ. “ಬೇಗ ಬಾ ಅಂತ ಅವಳಮ್ಮ ಹೇಳಿದಳು ಅಂತ ಹೇಳಿ. ಅವಳು ಕೇಳಿದಾಗಲೇ ಹೇಳಬೇಕಿತ್ತು ಅಂತಾನೂ ಹೇಳಿ.”

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಮಗ ಅಂಗಡಿಯ ಬಾಗಿಲು ಹಾಕಿದ. ಜನರಲಮ್ಮ ಬಟನ್ನಳ ಸ್ಕೂಲಿಗೆ ಹೋಗಿ, “ನನ್ನ ಮೊಮ್ಮಗಳು ಬರಲ್ಲ. ಯಾವಾಗ ಬರ್ತಾಳೆ ಅಂತ ಕೇಳಬೇಡಿ,” ಎಂದು ಹೇಳಿ ಬಂದರು. ಹೆಡ್ ಮೇಡಮ್ಮು ಕೇಳಲಿಲ್ಲ. ಗಂಡ ಹೆಂಡತಿ ಇಡೀ ದಿನ ಮಾತಾಡುತ್ತಿದ್ದರು. ಹೊಸದಾಗಿ ಮದುವೆಯಾದಾಗ ಬಾಡಿಗೆಗೆ ಹಿಡಿದ ಒಂಟಿ ಕೋಣೆ, ತಿಂಗಳಲ್ಲೇ ತೀರಿಹೋದ ಮೊದಲ ಮಗು, ಯಾವುದೋ ಜಗಳದಲ್ಲಿ ಒಡೆದ ಹೂಜಿ. ಹೂಜಿ ಒಡೆದವರು ಯಾರೆಂಬುದು ಇತ್ಯರ್ಥವಾಗಲಿಲ್ಲ. ಮಾತು ಸಣ್ಣದಾಗುತ್ತ ಬಂತು. ಕೊನೆಗೆ ಜನರಲಮ್ಮನೇ ಎರಡೂ ಕಡೆಯಿಂದ ಮಾತಾಡಬೇಕಾಯಿತು.

ಮಗಳ ಫೋನು ಬಂದದ್ದು ಒಂದು ಮಧ್ಯಾಹ್ನ. ಗಾಳಿಯ ಸದ್ದಿನ ನಡುವೆ ಅವಳ ದನಿ ಹೋಗಿ ಬಂದು ಮಾಡುತ್ತಿತ್ತು. “ಅಪ್ಪಾ! ನಾಳೆ ದಡ ಸಿಗುತ್ತೆ, ಇಳಿದ ತಕ್ಷಣ ಹೊರಡ್ತೀನಿ. ಕಾಯ್ತೀರಲ್ಲಾ?”

ಜನರಲಮ್ಮ ಫೋನನ್ನು ಗಂಡನ ಕಿವಿಗೆ ಒತ್ತಿ ಹಿಡಿದಿದ್ದರು. ಮೇಸ್ತ್ರಿಯ ತುಟಿ ಅಲ್ಲಾಡಿತು. ಹೇಳಬೇಕಾದದ್ದು ತುಂಬ ಇತ್ತೆಂದು ಹಣೆಯ ನರ ಹೇಳುತ್ತಿತ್ತು.

“ಹೂಂ,” ಎಂದರು.

ಅವರು ಕಾಯಲಿಲ್ಲ. ಮರುದಿನ ಬೆಳಗಿನ ಬಿಸಿಲು ಮಂಚದ ಕಾಲಿಗೆ ಬಂದಿದ್ದಾಗ ಹೋದರು. ಬಟನ್ ಅವರ ಪಾದ ಹಿಡಿದುಕೊಂಡಿದ್ದಳು. ಮಗ ಒಂದು ಬದಿ, ಸೊಸೆ ಇನ್ನೊಂದು ಬದಿ. ಜನರಲಮ್ಮ ಕಿವಿಯ ಹತ್ತಿರ ಬಗ್ಗಿ, “ಹೋಗಿ ರೀ. ನಾನು ಊಟ ಮಾಡ್ತೀನಿ,” ಎಂದರು.

ಮಗಳು ಬಂದದ್ದು ಮಣ್ಣು ಮಾಡಿ ಬಂದ ಮರುದಿನ ಸಂಜೆ. ಟ್ಯಾಕ್ಸಿಯಿಂದ ಇಳಿದವಳು ಹೆಗಲ ಚೀಲವನ್ನೂ ಇಳಿಸದೆ ಹೊಸ್ತಿಲ ಹೊರಗೇ ನಿಂತಳು.

“ಬರ್ಲಾ ಅಂತ ಕೇಳಿದ್ದೆ ಅಮ್ಮ.”

“ಕೇಳಿದ್ದೆ.”

“ಬೇಡ ಅಂದೆ.”

“ಅಂದೆ.”

ಅಕ್ಕಪಕ್ಕದವರೆಲ್ಲ ಕಿಟಕಿಗೆ ಬಂದಿದ್ದರು. ದೇವರ ಚಿತ್ತವೆಂದೋ, ಅವರ ವೇಳೆ ಬಂದಿತ್ತೆಂದೋ ಜನರಲಮ್ಮ ಈಗ ದೊಡ್ಡದೊಂದು ಉಪದೇಶ ಕೊಡುತ್ತಾರೆಂದು ಕಾದರು.

“ತಪ್ಪು ಮಾಡಿದೆ ಮಗಳೇ,” ಎಂದರು ಅವರು. “ಅದನ್ನ ದೇವರ ಹೆಸರಲ್ಲಿ ಬೇರೆ ಮಾಡಿದೆ.”

ಮಗಳು ತಾಯಿಯನ್ನು ದಾಟಿಕೊಂಡು ಒಳಗೆ ಹೋಗಿ ಅಪ್ಪನ ಕೋಣೆಯ ಬಾಗಿಲು ಹಾಕಿಕೊಂಡಳು. ಸೊಸೆ ಕರೆದಳು, ತೆಗೆಯಲಿಲ್ಲ. ಅಣ್ಣ ಕರೆದ, ತೆಗೆಯಲಿಲ್ಲ. ಬಟನ್ ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ಬಿಸ್ಕತ್ತು ತೂರಿಸಿದಳು. ಅದು ಅಲ್ಲೇ ಬಿದ್ದಿತ್ತು.

ಜನರಲಮ್ಮ ಬಾಗಿಲ ಹೊರಗೆ ನೆಲದ ಮೇಲೆ ಕೂತರು. ತಟ್ಟಲಿಲ್ಲ.

“ನೋವಿತ್ತಾ?” ಎಂದು ಒಳಗಿನಿಂದ ದನಿ ಬಂತು.

ಹಿಂದಿನ ಜನರಲಮ್ಮ ಆಗಿದ್ದರೆ, ಕರ್ತನು ಅವರನ್ನು ಹೂವಿನ ಹಾಗೆ ಎತ್ತಿಕೊಂಡ ಎನ್ನುತ್ತಿದ್ದರು.

“ಇತ್ತು.”

“ತುಂಬಾನಾ?”

“ತುಂಬಾ. ಕೊನೆಯಲ್ಲಿ ಔಷಧಿ ಕೊಟ್ಟ ಮೇಲೆ ಕಡಿಮೆಯಾಯ್ತು.”

“ನನ್ನ ಕೇಳಿದ್ರಾ?”

“ಬಾಯಿಬಿಟ್ಟು ಒಂದು ಸಲ. ಅದಕ್ಕೆ ಮುಂಚೆ ದಿನಾ ಕಣ್ಣಲ್ಲಿ ಕೇಳ್ತಿದ್ರು. ನನಗೆ ಗೊತ್ತಾಗ್ತಿತ್ತು. ಗೊತ್ತಾಗದ ಹಾಗೆ ಇದ್ದೆ.”

ಒಳಗೆ ಮಗಳು ಅಳುವುದು ಕೇಳಿಸಿತು. ಜನರಲಮ್ಮನ ಕೈ ಚಿಲಕದವರೆಗೆ ಹೋಗಿ ಹಿಂದೆ ಬಂತು. ಅವಳ ಅಳುವನ್ನು ನಿಲ್ಲಿಸುವ ಅಧಿಕಾರವನ್ನು ತಮಗೆ ಯಾರೂ ಕೊಟ್ಟಿರಲಿಲ್ಲ. ಗೋಡೆಗೆ ತಲೆಯಾನಿಸಿ, ‘ಸ್ವಾಮೀ, ಇವಳ ಜೊತೆ ಇರು’ ಎಂದಷ್ಟೇ ಅಂದುಕೊಂಡರು. ಮುಂದಕ್ಕೆ ಏನು ಬೇಡಬೇಕೆಂದು ತಿಳಿಯಲಿಲ್ಲ.

ಅಡುಗೆಮನೆಯಲ್ಲಿ ಸೊಸೆ ಅನ್ನ ಬಡಿಸಿದಳು. ಯಾರೂ ಕೂರಲಿಲ್ಲ. ಹೊರಗೆ ಬೀದಿಯ ದೀಪ ಹತ್ತಿತು.

ಬಹಳ ಹೊತ್ತಿನ ಮೇಲೆ ಬಾಗಿಲು ಅಂಗೈಯಗಲ ತೆರೆಯಿತು. ಮಗಳು ಹೊರಗೆ ಬರಲಿಲ್ಲ. ಬಾಗಿಲ ಆಚೆ, ಅವಳೂ ನೆಲದ ಮೇಲೆ ಕೂತಿದ್ದಳು.

“ನಾನು ಫೋನಿಟ್ಟ ದಿನದಿಂದ ಹೇಳು,” ಎಂದಳು. “ಒಂದೂ ಬಿಡಬೇಡ.”

ತಾಯಿ ಹೇಳತೊಡಗಿದರು.